ಜಗತ್ ಸರ್ಕಲ್‌ನಲ್ಲಿ ಯಾರೂ ಇಲ್ಲ

ನನ್ನ ಹಾರ್ಡ್ ಡಿಸ್ಕ್‌ನಲ್ಲಿರುವ ಫೋಲ್ಡರ್‌ಗಳೆಲ್ಲ ಜೋಡಿ ಹೆಸರಿನವು. ಗಂಡಿನ ಹೆಸರು, ಹೆಣ್ಣಿನ ಹೆಸರು, ತಾರೀಖು. ಹದಿನೈದು ವರ್ಷದ ಮದುವೆಗಳು. ಅವುಗಳ ನಡುವೆ ಒಂಟಿ ಹೆಸರಿನ ಫೋಲ್ಡರ್ ಒಂದೇ ಒಂದು: ‘ಖಾಲಿ’. 2020ರ ಮಾರ್ಚ್‌ನಿಂದ ಮೇವರೆಗಿನ ಕಲಬುರಗಿಯ ಬೀದಿಗಳು ಅದರಲ್ಲಿವೆ. ಸಾವಿರದ ಮೇಲೆ ಫೋಟೋ. ಮೊನ್ನೆ ಡಿಸ್ಕ್ ತುಂಬಿತು ಅಂತ ಅಳಿಸಲು ಕೂತೆ. ಅಳಿಸಿದ್ದು ಜಾಸ್ತಿ, ಉಳಿಸಿದ್ದು ಕಮ್ಮಿ. ಯಾವುದನ್ನ ಯಾಕೆ ಉಳಿಸಿದೆ ಅಂತ ಬರೆದಿಡೋಣ ಅನ್ನಿಸಿತು.

ನಾನು ಮದುವೆ ಫೋಟೋಗ್ರಾಫರ್. ಸ್ಟ್ರೀಟ್ ಫೋಟೋಗ್ರಫಿ ಅನ್ನೋ ದೊಡ್ಡ ಮಾತೆಲ್ಲ ನನ್ನದಲ್ಲ. ನಮ್ಮ ಕೆಲಸದಲ್ಲಿ ಬೀದಿ ಅಂದ್ರೆ ಮೆರವಣಿಗೆ. ಬ್ಯಾಂಡ್‌ನವರ ಮುಂದೆ ಹಿಮ್ಮುಖವಾಗಿ ನಡೀಬೇಕು. ಚರಂಡಿಗೆ ಬೀಳಬಾರದು. ಕುದುರೆ ಮೇಲೆ ಕೂತ ವರನ ಮುಖಕ್ಕೆ ಬೆಳಕು ಬೀಳಬೇಕು. ಮುಂದೆ ಕುಣಿಯೋ ಬೀಗರಲ್ಲಿ ಒಬ್ಬರೂ ತಪ್ಪಬಾರದು. ತಪ್ಪಿದರೆ ಆಲ್ಬಮ್ ಕೊಡುವ ದಿನ ತಕರಾರು. ‘ನಮ್ಮ ಕಾಕಾ ಒಂದ್ರಾಗೂ ಇಲ್ಲಲ್ರೀ’ ಅಂತ ಒಬ್ಬರಾದರೂ ಅಂದೇ ಅನ್ನುತ್ತಾರೆ.

ಇದು ಅರ್ಧ ಕೆಲಸ. ಇನ್ನರ್ಧ ಫೋಟೋಶಾಪ್ ಮುಂದೆ ಕೂತು ಬೇಡದವರನ್ನು ತೆಗೆಯೋದು. ವಧುವಿನ ಹಿಂದೆ ಐಸ್‌ಕ್ರೀಂ ತಿನ್ನುತ್ತಾ ನಿಂತವನು, ಪಕ್ಕದವರ ಮೊಣಕೈ, ಯಾರದೋ ಅರ್ಧ ತಲೆ. ಇದರಲ್ಲಿ ನನ್ನ ಕೈ ಚೆನ್ನಾಗಿದೆ ಅಂತ ಊರಲ್ಲಿ ಹೆಸರಿದೆ. ಇದ್ದವರು ಇರಲೇ ಇಲ್ಲ ಅನ್ನೋ ಹಾಗೆ ಮಾಡಬಲ್ಲೆ.

ಕಲಬುರಗಿಗೆ ಲಾಕ್‌ಡೌನ್ ದೇಶಕ್ಕಿಂತ ಮೊದಲೇ ಬಂತು ಅಂತ ನಾವು ಈಗಲೂ ಹೇಳಿಕೊಳ್ಳುತ್ತೇವೆ. ಲೆಕ್ಕಕ್ಕೆ ಅದು ಪೂರ್ತಿ ಸರಿಯಲ್ಲದಿರಬಹುದು, ಆದರೆ ಭಯ ಮೊದಲು ಬಂದಿದ್ದಂತೂ ನಿಜ. ಸೌದಿಯಿಂದ ವಾಪಸ್ ಬಂದಿದ್ದ ನಮ್ಮೂರಿನ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಕೊರೊನಾದಿಂದಲೇ ಅಂತ 12ಕ್ಕೆ ಖಾತ್ರಿಯಾಯಿತು. ದೇಶದಲ್ಲಿ ಮೊದಲ ಸಾವು. ನಮ್ಮೂರಿನ ಹೆಸರು ಟಿವಿಯಲ್ಲಿ ಬರೋದು ಒಂದೋ ಬಿಸಿಲಿಗೆ, ಇಲ್ಲ ತೊಗರಿ ರೇಟಿಗೆ. ಆ ವಾರ ಇಡೀ ದಿನ ಬಂತು. ಹೈದರಾಬಾದಿನ ನೆಂಟರು ಫೋನ್ ಮಾಡಿ ‘ಹೆಂಗದೀರಿ’ ಅಂತ ಕೇಳಿದರು. ಕೇಳಿ ಮುಗಿಸಿದ ಮೇಲೆ, ಯುಗಾದಿಗೆ ಈ ಸಲ ಬರೋದು ಬೇಡ ಅಂತ ಮೆಲ್ಲಗೆ ಸೇರಿಸಿದರು.

13ರಂದು ರಾಜ್ಯ ಸರ್ಕಾರ ಮಾಲು, ಸಿನಿಮಾ ಥಿಯೇಟರ್‌ಗಳನ್ನು ಒಂದು ವಾರ ಮುಚ್ಚಿಸಿತು. ಮದುವೆ ಅಂತ ಜನ ಸೇರೋದೂ ಬೇಡ ಅಂದಿತು. ಒಂದು ವಾರ ತಾನೇ ಅಂದುಕೊಂಡೆವು. 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ ಬೀಗ. ನನ್ನ ಹತ್ತಿರ ಏಪ್ರಿಲ್, ಮೇ ಸೇರಿ ಹನ್ನೊಂದು ಆರ್ಡರ್ ಇದ್ದವು. ಅಡ್ವಾನ್ಸ್ ವಾಪಸ್ ಕೊಡಿ ಅಂತ ಏಳು ಮನೆಯವರು ಕೇಳಿದರು. ನಾಲ್ಕು ಮನೆಯವರು ಕೇಳಲಿಲ್ಲ. ಕೇಳದವರ ಮುಂದೆ ನಾಚಿಕೆ ಜಾಸ್ತಿಯಾಯಿತು. ಆ ವಿಷಯ ಇಲ್ಲಿಗೆ ಸಾಕು.

ಬೆಳಿಗ್ಗೆ ಹಾಲು, ತರಕಾರಿಗೆ ಹೊರಗೆ ಹೋಗಬಹುದಿತ್ತು. ನಮ್ಮ ಮನೆ ಬ್ರಹ್ಮಪುರದಲ್ಲಿ. ಒಂದಿನ ಬಟ್ಟೆ ಚೀಲದ ತಳದಲ್ಲಿ ಕ್ಯಾಮೆರಾ ಇಟ್ಟೆ. ಮೇಲೆ ಒಂದು ಟವೆಲ್, ಅದರ ಮೇಲೆ ಕೊತ್ತಂಬರಿ ಕಟ್ಟು. ಕಳ್ಳತನಕ್ಕೆ ಹೊರಟವನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಯಾಕೆ ಹೊರಟೆ ಅಂತ ಈಗ ಕೇಳಿದರೂ ಸರಿಯಾದ ಉತ್ತರ ಇಲ್ಲ. ಕೈ ಸುಮ್ನೆ ಕೂರಲಿಲ್ಲ, ಅಷ್ಟೇ.

ಮೊದಲ ಹತ್ತು ದಿನದ ಫೋಟೋಗಳನ್ನು ಮೊನ್ನೆ ಒಂದೇ ಏಟಿಗೆ ಅಳಿಸಿದೆ. ಎಲ್ಲ ಒಂದೇ ಥರ. ನಡುವೆ ಡಿವೈಡರ್, ಎರಡೂ ಕಡೆ ಮುಚ್ಚಿದ ಅಂಗಡಿ, ದೂರದಲ್ಲಿ ರಸ್ತೆ ಚೂಪಾಗುತ್ತಾ ಹೋಗಿ ಮಾಯ. ಆಗ ವಾಟ್ಸಾಪ್‌ನಲ್ಲಿ ಮುಂಬೈದೂ ಹಾಗೇ ಬರುತ್ತಿತ್ತು, ಇಟಲಿದೂ ಹಾಗೇ. ಡಾಂಬರಿಗೆ ಊರಿಲ್ಲ. ನಾನೇನೋ ಭಾರೀ ತೆಗೆದಿದ್ದೇನೆ ಅಂತ ನಮ್ಮೂರಿನ ಜಗತ್ ಸರ್ಕಲ್‌ನ ಒಂದು ಫೋಟೋವನ್ನು ಬೆಂಗಳೂರಿನ ತಮ್ಮನಿಗೆ ಕಳಿಸಿದೆ. ‘ಯಾವೂರಣ್ಣ ಇದು, ಫಾರಿನ್ ಇದ್ದಂಗದ’ ಅಂದ. ಕಲಬುರಗಿಯಲ್ಲೇ ಹುಟ್ಟಿ ಬೆಳೆದವನು. ನನ್ನ ಮಗಳು ನೋಡಿ ಇನ್ನೊಂದು ಮಾತು ಹೇಳಿದಳು: ‘ಎಷ್ಟ್ ಚಂದ ಕಾಣ್ತದಲ್ಲ ಪಪ್ಪಾ, ಹೊಲಸೇ ಇಲ್ಲ.’

ಅವಳದೇನೂ ತಪ್ಪಿಲ್ಲ. ಫೋಟೋ ಹೇಳ್ತಾ ಇದ್ದಿದ್ದೇ ಅದನ್ನ. ಏನೋ ಆಗಿದೆ ಅಂತ ಹೇಳೋಕೆ ಹೋಗಿ, ಏನು ಚಂದ ಇದೆ ಅಂತ ಹೇಳಿ ಬಂದಿದ್ದೆ. ಊರಿಗೆ ಬೀಗ ಬಿದ್ದಿದ್ದು ಅದರಲ್ಲಿ ಎಲ್ಲೂ ಇರಲಿಲ್ಲ. ಜನ ಇಲ್ಲ ಅಂತ ಯಾರಿಗೆ ಗೊತ್ತಾಗುತ್ತೆ? ಅಲ್ಲಿ ಎಷ್ಟು ಜನ ಇರ್ತಿದ್ರು ಅಂತ ಗೊತ್ತಿದ್ದವರಿಗೆ ಮಾತ್ರ. ಕ್ಯಾಮೆರಾಕ್ಕೆ ಅದು ಗೊತ್ತಿಲ್ಲ. ಎದುರಿಗೆ ಇರೋದನ್ನಷ್ಟೇ ಅದು ಹಿಡಿಯುತ್ತೆ. ಇಲ್ಲದ್ದನ್ನು ಹಿಡಿಯೋಕೆ ಯಾವ ಲೆನ್ಸೂ ಇಲ್ಲ.

ಇದು ಹೊಳೆದ ಮೇಲೆ ರಸ್ತೆಯ ಉದ್ದಕ್ಕೆ ನೋಡೋದು ಬಿಟ್ಟು ನೆಲ ನೋಡಿಕೊಂಡು ನಡೆದೆ.

ಸೂಪರ್ ಮಾರ್ಕೆಟ್ ಹತ್ತಿರ ಒಬ್ಬ ಬಾಳೆಹಣ್ಣಿನ ಗಾಡಿಯವನು ನಿಲ್ಲುತ್ತಾನೆ. ಎಷ್ಟು ವರ್ಷದಿಂದ ಅಂದ್ರೆ, ನಾನು ಸ್ಟುಡಿಯೋ ಹಾಕುವ ಮೊದಲಿನಿಂದ. ಅವನ ಗಾಡಿ ನಿಲ್ಲುವ ಜಾಗದಲ್ಲಿ ಡಾಂಬರಿನಲ್ಲಿ ನಾಲ್ಕು ಕುಳಿ ಬಿದ್ದಿವೆ. ನಮ್ಮ ಬೇಸಿಗೆಗೆ ಡಾಂಬರು ಮೆತ್ತಗಾಗುತ್ತೆ. ಅದರ ಮೇಲೆ ಇಡೀ ದಿನ ಹಣ್ಣಿನ ಭಾರ. ವರ್ಷಗಟ್ಟಲೆ ಒತ್ತಿ ಒತ್ತಿ ಆದ ಕುಳಿಗಳವು. ಗಾಡಿ ಇದ್ದಷ್ಟು ದಿನ ನನಗೆ ಅವು ಕಂಡಿರಲೇ ಇಲ್ಲ. ಈಗ ನಾಲ್ಕೂ ಕುಳಿಯಲ್ಲಿ ಬೇವಿನ ಹೂವು ತುಂಬಿಕೊಂಡಿತ್ತು. ಪಕ್ಕದಲ್ಲಿ ಗಾಲಿಗೆ ಅಡ್ಡ ಇಡುತ್ತಿದ್ದ ಅರ್ಧ ಇಟ್ಟಿಗೆ, ಒಂದು ಮೂಲೆ ಸವೆದು ಗುಂಡಗಾಗಿತ್ತು. ಆ ಇಟ್ಟಿಗೆಯನ್ನು ಯಾರೂ ಒಯ್ದಿರಲಿಲ್ಲ. ಆ ಫೋಟೋ ಉಳಿಸಿದ್ದೇನೆ.

ಅಲ್ಲಿಂದ ಶುರುವಾಯಿತು. ಕಪಡಾ ಬಜಾರಿನಲ್ಲಿ ಸೀರೆ, ನೈಟಿ ತೂಗುಹಾಕುವ ಕೊಕ್ಕೆಗಳು, ಸಾಲಾಗಿ, ಏನೂ ಇಲ್ಲದೆ. ಚಪ್ಪಲ್ ಬಜಾರಿನಲ್ಲಿ ಗಿರಾಕಿಗಳು ಕೂತು ಕೂತು ಹೊಳಪು ಬಂದ ಶಹಾಬಾದ್ ಕಲ್ಲಿನ ಕಟ್ಟೆ. ಇಡೀ ಕಲ್ಲು ಮಾಸಲು ಬೂದಿ ಬಣ್ಣ, ಕೂರುವಷ್ಟು ಅಗಲ ಮಾತ್ರ ಕನ್ನಡಿ. ಒಂದು ಚಹಾ ಅಂಗಡಿಯ ಗೋಡೆ ಮೇಲೆ ಸೀಮೆಸುಣ್ಣದ ಉದ್ರಿ ಲೆಕ್ಕ: ಹೆಸರಿಲ್ಲ, ಬರೀ ಗುರುತು. ‘ಕೆಂಪು ಗಾಡಿ 40’, ‘ಬ್ಯಾಂಕ್ 65’. ಬ್ಯಾಂಕಿನವರು 65 ರೂಪಾಯಿ ಬಾಕಿ ಇಟ್ಟುಕೊಂಡೇ ಮನೆಯಲ್ಲಿ ಕೂತಿದ್ದರು ಅಂತಾಯಿತು.

ಬೋರ್ಡುಗಳನ್ನು ನಾನು ಜೀವಮಾನದಲ್ಲಿ ಅಷ್ಟು ಓದಿರಲಿಲ್ಲ. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. ಆರು ವರ್ಷ ಆಗುತ್ತಾ ಬಂದಿದ್ದರೂ ಅರ್ಧ ಬೋರ್ಡುಗಳಲ್ಲಿ ಗುಲಬರ್ಗಾ ಹಾಗೇ ಇತ್ತು. ಕೆಲವರು ‘ಗುಲಬರ್ಗಾ’ ಮೇಲೆ ಸ್ಟಿಕ್ಕರ್ ಅಂಟಿಸಿ ‘ಕಲಬುರಗಿ’ ಮಾಡಿಸಿದ್ದರು. ಬಿಸಿಲಿಗೆ ಸ್ಟಿಕ್ಕರ್ ಸುಲಿದು ‘ಕಲಬರ್ಗಾ’ ಅಂತ ಮೂರನೇ ಊರೊಂದು ಹುಟ್ಟಿತ್ತು. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಇರುವ ಬೋರ್ಡಿನಲ್ಲಿ ಮೂರಕ್ಕೂ ಬೇರೆ ಬೇರೆ ಫೋನ್ ನಂಬರ್ ಇದ್ದಿದ್ದೂ ನೋಡಿದೆ. ಯಾವ ಭಾಷೆಗೆ ಯಾರು ಫೋನ್ ಎತ್ತುತ್ತಿದ್ದರೋ!

ಬೆಳಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಫೋಟೋಗ್ರಾಫರ್‌ಗಳಲ್ಲಿ ‘ಸನ್ನಿ ಸಿಕ್ಸ್‌ಟೀನ್’ ಅಂತ ಹಳೇ ಲೆಕ್ಕ ಇದೆ. ಮೋಡ ಇಲ್ಲದ ಬಿಸಿಲಿನಲ್ಲಿ ಅಪರ್ಚರ್, ಅಂದ್ರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್ 16ಕ್ಕೆ ಇಡಿ, ಬೆಳಕು ಹಿಡಿಯುವ ಶಕ್ತಿಯ ಅಳತೆ ಐಎಸ್‌ಒ 100 ಇದ್ದರೆ ಶಟರ್ ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ ಇಡಿ, ಮೀಟರ್ ನೋಡೋದೇ ಬೇಡ. ನಮ್ಮೂರಿನಲ್ಲಿ ಫೆಬ್ರವರಿಯಿಂದ ಮೇವರೆಗೆ ಈ ಲೆಕ್ಕ ತಪ್ಪುವ ದಿನ ಕಡಿಮೆ. ಮದುವೆಯವರು ನಾವು ಮಾತ್ರ ಈ ಬಿಸಿಲನ್ನು ಶತ್ರು ಥರ ನೋಡುತ್ತೇವೆ. ವಧುವಿನ ಕಣ್ಣ ಕೆಳಗೆ ಕಪ್ಪು, ಮೂಗಿನ ಕೆಳಗೆ ಮೀಸೆಯಂಥ ನೆರಳು. ಅದಕ್ಕೇ ಕೊಡೆ, ಅದಕ್ಕೇ ಫ್ಲ್ಯಾಶ್. ಜನರೇ ಇಲ್ಲದ ಬೀದಿಗೆ ಇದೇ ಬಿಸಿಲು ಎಷ್ಟು ಚೆನ್ನಾಗಿ ಕೂರುತ್ತೆ ಅಂತ ಆಗ ಗೊತ್ತಾಯಿತು. ಪ್ರತಿ ಶಟರಿನ ಗೀರು, ಗೋಡೆಯ ಉಬ್ಬು, ಕಿತ್ತ ಪೋಸ್ಟರಿನ ಅಂಚು ಎಲ್ಲ ಕೆತ್ತಿದ ಹಾಗೆ.

ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ನಮ್ಮ ತಲೆ ಮೇಲೆ ನೆಟ್ಟಗೆ ಬರುತ್ತಾನೆ. ಕಲಬುರಗಿ 17 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿದೆ, ಹಾಗಾಗಿ ವರ್ಷಕ್ಕೆ ಎರಡು ಸಲ ಹೀಗಾಗುತ್ತೆ. ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನೆಟ್ಟಗೆ ನಿಂತ ಯಾವುದಕ್ಕೂ ನೆರಳಿರಲ್ಲ. ಮಾಳಿಗೆ ಮೇಲಿಂದ ಓಣಿಯ ಲೈಟ್ ಕಂಬದ ಫೋಟೋ ತೆಗೆದೆ. ಕಂಬ ಇದೆ, ಅದರ ಬುಡದಲ್ಲಿ ಏನೂ ಇಲ್ಲ. ದಿನಾ ಆ ಕಂಬದ ನೆರಳಿನಲ್ಲಿ ಮಲಗುತ್ತಿದ್ದ ನಾಯಿ ಎದ್ದು, ಎಲ್ಲಿ ಹೋಯಿತು ಅಂತ ಒಂದು ಸುತ್ತು ಹಾಕಿ, ಬಿಸಿಲಿನಲ್ಲೇ ನಿಂತುಬಿಟ್ಟಿತು. ಪಾದ ಸುಡುತ್ತಿತ್ತೇನೋ, ಒಂದೊಂದೇ ಕಾಲು ಎತ್ತುತ್ತಿತ್ತು. ಕೆಳಗಿಳಿದು ಗೇಟು ತೆಗೆದು ಒಳಗೆ ಬಿಟ್ಟುಕೊಂಡೆ. ಈಗಲೂ ಅದು ನಮ್ಮ ಮನೆದೇ.

ಅಷ್ಟರಲ್ಲಿ ಒಂದು ಐಡಿಯಾ ಬಂದಿತ್ತು. ಏಪ್ರಿಲ್ ಮೊದಲ ವಾರ, ಕೆಲಸ ಇಲ್ಲದೆ ಹಳೇ ಮದುವೆ ಫೋಲ್ಡರ್‌ಗಳನ್ನು ತೆರೆದು ನೋಡುತ್ತಾ ಕೂತಿದ್ದೆ. 2018ರ ಒಂದು ಮೆರವಣಿಗೆ ಕಣ್ಣಿಗೆ ಬಿತ್ತು. ರಾತ್ರಿ ಹತ್ತರ ಮೇಲೆ, ಜಗತ್ ಸರ್ಕಲ್. ತಲೆ ಮೇಲೆ ಲೈಟ್ ಹೊತ್ತ ಹೆಣ್ಣುಮಕ್ಕಳ ಸಾಲು, ಜನರೇಟರ್ ಗಾಡಿ, ಹಿಂದೆ ಸಿಕ್ಕಿಹಾಕಿಕೊಂಡ ಆಟೋಗಳು. ಎದುರಿಗೆ ಒಬ್ಬರು, ಐವತ್ತು ದಾಟಿರಬೇಕು, ಗುಲಾಬಿ ಪಟಗಾ ಸುತ್ತಿಕೊಂಡು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಾರೆ. ಬಾಯಿ ತುಂಬ ನಗು. ವರನ ಸೋದರಮಾವ. ಪಕ್ಕದಿಂದ ಯಾರದೋ ಕೈ ಬಂದು ಅವರ ಹೆಗಲ ಮೇಲೆ ಕೂತಿದೆ. ಆ ಕೈಯವನು ಫ್ರೇಮಿನ ಹೊರಗೆ.

ಕೆಲವೇ ದಿನದ ಹಿಂದೆ ನಾನು ತೆಗೆದಿದ್ದ ಖಾಲಿ ಜಗತ್ ಸರ್ಕಲನ್ನು ಅದರ ಪಕ್ಕ ಇಟ್ಟೆ. ಆಗ ಎದೆ ಧಸಕ್ ಅಂತು. ಬರೀ ಖಾಲಿ ಫೋಟೋ ನೋಡಿದಾಗ ಆಗದ್ದು ಈಗ ಆಯಿತು. ಮಗಳನ್ನು ಕರೆದು ತೋರಿಸಿದೆ. ಈ ಸಲ ಚಂದ ಇದೆ ಅನ್ನಲಿಲ್ಲ. ‘ಇವರೆಲ್ಲ ಈಗ ಎಲ್ಲದಾರ?’ ಅಂದಳು.

ಖಾಲಿ ಬೀದಿಯ ಫೋಟೋ ಒಂಟಿಯಾಗಿ ನಿಲ್ಲಲ್ಲ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ತುಂಬಿದ ಬೀದಿಯ ಜೊತೆ ಬೇಕು. ಮೆಚ್ಚುಗೆ ಪಡೆದ ಎಷ್ಟೋ ಲಾಕ್‌ಡೌನ್ ಫೋಟೋಗಳನ್ನು ಆಮೇಲೆ ನೋಡಿದೆ. ಬೆಳಕು, ಕಂಪೋಸಿಷನ್ ಎಲ್ಲ ನನಗಿಂತ ಮೇಲು. ಆದರೂ ಊರು ಗೊತ್ತಿಲ್ಲದವನಿಗೆ ಅವು ಚಂದದ ವಾಲ್‌ಪೇಪರ್. ನಾನು ಮದುವೆಯವನು, ಜೋಡಿಯಲ್ಲೇ ಯೋಚನೆ ಮಾಡ್ತೀನಿ ಅಂತ ಬೇಕಾದರೆ ನಗಿ.

ಫೋಟೋ ಚರಿತ್ರೆಯಲ್ಲಿ ಇದಕ್ಕೆ ಒಂದು ತಮಾಷೆಯ ಮೂಲ ಇದೆ. 1838ರಲ್ಲಿ ಡಾಗೇರ್ ಅನ್ನೋ ಫ್ರಾನ್ಸಿನವನು ಪ್ಯಾರಿಸ್‌ನ ಒಂದು ದೊಡ್ಡ ಬೀದಿಯ ಫೋಟೋ ತೆಗೆದ. ನೋಡಿದರೆ ಬೀದಿ ಪೂರ್ತಿ ಖಾಲಿ. ನಿಜಕ್ಕೂ ಅಲ್ಲಿ ಜನ, ಗಾಡಿ, ಕುದುರೆ ಎಲ್ಲ ಓಡಾಡುತ್ತಿದ್ದವು. ಆಗಿನ ತಟ್ಟೆಗೆ ಚಿತ್ರ ಮೂಡೋಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಓಡಾಡುವವರು ಅಷ್ಟರಲ್ಲಿ ಗುರುತೇ ಇಲ್ಲದೆ ದಾಟಿಹೋದರು. ಒಬ್ಬ ಮಾತ್ರ ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ. ಅವನು ಉಳಿದ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರಲ್ಲಿ ಒಬ್ಬ ಅಂತ ಅವನನ್ನು ಹೇಳುತ್ತಾರೆ. ಅಲ್ಲಿ ಬೀದಿ ತುಂಬಿತ್ತು, ಕ್ಯಾಮೆರಾ ಖಾಲಿ ಅಂದಿತು. ನಮ್ಮಲ್ಲಿ ಉಲ್ಟಾ.

ಅದೇ ಪ್ಯಾರಿಸ್‌ನಲ್ಲಿ ಆಮೇಲೆ ಅಟ್ಜೆ ಅಂತ ಇನ್ನೊಬ್ಬ ಬಂದ. ಬೆಳಗಿನ ಜಾವ ಭಾರದ ಕ್ಯಾಮೆರಾ ಹೊತ್ತು ಖಾಲಿ ಬೀದಿ, ಅಂಗಡಿ, ಮೆಟ್ಟಿಲು ತೆಗೆಯುತ್ತಿದ್ದ. ಕಲೆಗಾಗಿ ಅಲ್ಲ. ಚಿತ್ರ ಬರೆಯುವವರಿಗೆ ನೋಡಿಕೊಂಡು ಬರೆಯಲು ಮಾರುತ್ತಿದ್ದ. ಹೊಟ್ಟೆಪಾಡು. ದೊಡ್ಡವರ ಹೆಸರುಗಳಲ್ಲಿ ಅವನೊಬ್ಬ ನನಗೆ ನಮ್ಮ ಪೈಕಿ ಅನ್ನಿಸುತ್ತಾನೆ.

ಜೋಡಿ ಮಾಡಬೇಕು ಅಂದ್ರೆ ಹಳೇ ಫೋಟೋ ತೆಗೆದ ಜಾಗದಲ್ಲೇ ನಿಲ್ಲಬೇಕು. ಅಂದಾಜಿಗೆ ಆಗಲ್ಲ. ಆ ಮೆರವಣಿಗೆಯ ಫೋಟೋವನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಂಡು ಏಪ್ರಿಲ್ 14ರ ಬೆಳಿಗ್ಗೆ ಜಗತ್‌ಗೆ ಹೋದೆ. 21 ದಿನದ ಲಾಕ್‌ಡೌನ್ ಮುಗಿಯಬೇಕಿದ್ದ ದಿನ ಅದು. ಮುಗಿಯಲಿಲ್ಲ, ಮೇ 3ರವರೆಗೆ ಮುಂದೆ ಹೋಯಿತು. ಅವತ್ತೇ ಅಂಬೇಡ್ಕರ್ ಜಯಂತಿ. ಬೇರೆ ವರ್ಷ ಆಗಿದ್ದರೆ ಜಗತ್‌ನಲ್ಲಿ ಬಾಬಾಸಾಹೇಬರ ಮೂರ್ತಿ ಸುತ್ತ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ನೀಲಿ ಬಾವುಟ, ನೀಲಿ ಗುಲಾಲು, ಡೊಳ್ಳು, ಹಳ್ಳಿಗಳಿಂದ ಬಂದ ಟ್ರ್ಯಾಕ್ಟರ್‌ಗಳು. ಅವತ್ತು ನಾನು ಹೋದ ಹೊತ್ತಿಗೆ ಹಕ್ಕಿ ಸದ್ದು ಬಿಟ್ಟರೆ ಏನಿಲ್ಲ.

ಹಾಳೆ ಕೈಯಲ್ಲಿ ಹಿಡಿದು ಕಂಬಕ್ಕೆ ಕಂಬ ಹೊಂದಿಸುತ್ತಾ ಹಿಂದೆ ಮುಂದೆ ಸರಿಯುತ್ತಿದ್ದೆ. ಹಿಂದಿನಿಂದ ದನಿ ಬಂತು.

‘ಏಯ್, ಏನ್ ಮಾಡ್ಲತ್ತೀರಿ ಅಲ್ಲಿ?’

ಕಾನ್‌ಸ್ಟೆಬಲ್. ಕೈಯಲ್ಲಿ ಲಾಠಿ, ಮುಖಕ್ಕೆ ಕರ್ಚೀಫು ಕಟ್ಟಿಕೊಂಡಿದ್ದರು. ‘ಹಾಲಿಗ್ ಬಂದೀನ್ರಿ ಸಾಹೇಬ್ರ’ ಅಂದೆ. ಕೈಯಲ್ಲಿ ಕ್ಯಾಮೆರಾ. ನನಗೇ ನಗು ಬರೋ ಹಾಗಿತ್ತು.

‘ಹಾಲು ಇದ್ರಾಗ ಹಾಕ್ಕೊಂಡ್ ಹೋಗ್ತೀರೇನು?’

ಸುಳ್ಳು ಹೇಳಿ ಪ್ರಯೋಜನ ಇಲ್ಲ ಅಂತ ಹಾಳೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಕುಣಿಯುತ್ತಿರುವ ಪಟಗಾದವರನ್ನು ನೋಡಿದರು, ಆಟೋಗಳ ಸಾಲು ನೋಡಿದರು. ಆಮೇಲೆ ಕಣ್ಣಿನ ಪಕ್ಕ ಗೆರೆ ಮೂಡಿತು. ಕರ್ಚೀಫಿನ ಹಿಂದೆ ನಕ್ಕಿರಬೇಕು.

‘ಇಂಥ ಮೆರವಣಿಗಿ ಜಾಮ್ ಬಿಡಿಸ್ಲಿಕ್ಕ ಇದೇ ಜಾಗಾದಾಗ ಎಷ್ಟ್ ಸರ್ತಿ ಸೀಟಿ ಊದೀನಿ ಗೊತ್ತೇನ್ರಿ? ಬೈಕೊಂತನೇ ಊದ್ತಿದ್ದೆ.’ ಹಾಳೆ ವಾಪಸ್ ಕೊಟ್ಟರು. ‘ಈಗ ಊದಬೇಕಂದ್ರ ಯಾರಿಗ್ ಊದಲಿ?’

ಐದು ನಿಮಿಷದಾಗ ತಗೊಂಡು ಹೋಗ್ರಿ ಅಂದರು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅವರು ಸರಿಯಾಗಿ ಫ್ರೇಮಿನ ನಡುವೆ, ಆ ಪಟಗಾದವರು ಕುಣಿದ ಜಾಗದಲ್ಲೇ ನಿಂತಿದ್ದರು. ಅವರಿಗೂ ಅಂದಾಜಾಯಿತು.

‘ನಾ ಸರೀಲೇನು?’

‘ಒಂದೆರಡ್ ಹೆಜ್ಜಿ ಸರೀರಿ ಸಾಹೇಬ್ರ.’

ಸರಿದರು. ಕ್ಲಿಕ್ ಮಾಡಿದೆ. ಕಂಬಕ್ಕೆ ಕಂಬ, ಬೋರ್ಡಿಗೆ ಬೋರ್ಡು ಕೂಡಿದ ಫೋಟೋ. ನನ್ನ ಜೋಡಿಗಳಲ್ಲಿ ಇಷ್ಟು ಸರಿಯಾಗಿ ಕೂಡಿದ್ದು ಇನ್ನೊಂದಿಲ್ಲ. ಮೊನ್ನೆ ನೋಡುವಾಗ ಬೇರೆ ಅನ್ನಿಸಿತು. ಇಡೀ ಊರಿನಲ್ಲಿ ಅವತ್ತು ಆ ಸರ್ಕಲ್‌ನಲ್ಲಿ ನಿಂತಿದ್ದ ಒಬ್ಬನೇ ಒಬ್ಬ ಮನುಷ್ಯ ಅವರು. ಮುಂಜಾನೆಯಿಂದ ಸಂಜೆವರೆಗೆ ಬಿಸಿಲಿನಲ್ಲಿ. ಆ ಬೂಟ್ ಪಾಲಿಶ್ ಮಾಡಿಸಿಕೊಂಡವನ ಹಾಗೆ, ನಿಂತಿದ್ದಕ್ಕೆ ಸಿಗಬೇಕಾದವರು. ಬೀದಿ ಖಾಲಿ ಕಾಣಲಿ ಅಂತ ನಾನೇ ಸರಿಸಿದೆ. ಫೋಟೋಶಾಪ್ ಇಲ್ಲದೆ ಬಾಯಿ ಮಾತಿನಲ್ಲೇ ತೆಗೆದುಹಾಕಿದೆ.

ಜೋಡಿಗಳು ಒಟ್ಟು ಮೂವತ್ತಾರು ಆದವು. ಎಲ್ಲ ಹೇಳುತ್ತಾ ಕೂರಲ್ಲ. ಗಂಜ್‌ನಲ್ಲಿ ಹಮಾಲರು ತೊಗರಿ ಚೀಲ ಬೆನ್ನಿಗೆ ಹಾಕಿಕೊಂಡು ಸಾಲಾಗಿ ಹೋಗುವುದು ಒಂದು ಕಡೆ, ಇನ್ನೊಂದು ಕಡೆ ಅದೇ ಕಟ್ಟೆ ಮೇಲೆ ಪಾರಿವಾಳಗಳು. ಶರಣಬಸವೇಶ್ವರ ಜಾತ್ರೆಯ ತೇರಿನ ಮುಂದೆ ಉತ್ತತ್ತಿ ಎಸೆಯಲು ಎತ್ತಿದ ನೂರಾರು ಕೈಗಳು ಒಂದು ಕಡೆ, ಅದೇ ಬಯಲಿನ ಧೂಳು ಇನ್ನೊಂದು ಕಡೆ. ಕೋಟೆಯದು ಸಿಗಲಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳೆಲ್ಲ ಮಾರ್ಚ್ 17ರಿಂದಲೇ ಮುಚ್ಚಿದ್ದವು. ಒಳಗಿನ ಜಾಮಿ ಮಸೀದಿ, 1367ರದ್ದು, ಯಾವಾಗಲೂ ಖಾಲಿಯೇ ಚೆನ್ನಾಗಿ ಕಾಣುವ ಕಟ್ಟಡ. ಬೇರೆ ಮಸೀದಿಗಳ ಹಾಗೆ ಅದಕ್ಕೆ ತೆರೆದ ಅಂಗಳ ಇಲ್ಲ, ಪೂರ್ತಿ ಚಾವಣಿ. ಕಮಾನಿನ ಹಿಂದೆ ಕಮಾನು, ನೆರಳಿನ ಹಿಂದೆ ನೆರಳು. ಪ್ರಿ-ವೆಡ್ಡಿಂಗ್ ಜೋಡಿಗಳು ಅಲ್ಲೇ ಆಗಬೇಕು ಅಂತ ಹಟ ಮಾಡೋದು ಅದಕ್ಕೇ.

ರಂಜಾನ್ ಆ ವರ್ಷ ಏಪ್ರಿಲ್ ಕೊನೆಗೆ ಶುರುವಾಯಿತು. ಮುಸ್ಲಿಂ ಚೌಕ್‌ನಲ್ಲಿ ಸಂಜೆ ಹೊತ್ತು ಖರ್ಜೂರ, ಸಮೋಸಾ, ಹಲೀಮ್ ಅಂತ ಉಸಿರಾಡಲು ಜಾಗ ಇರದ ಕಡೆ, ಆ ಸಂಜೆಗಳಲ್ಲಿ ಬಾಂಗ್ ಕೂಗಿದ ಮೇಲೆ ಮನೆಗಳ ಒಳಗಿಂದ ಪಾತ್ರೆ ಸದ್ದು ಮಾತ್ರ ಕೇಳುತ್ತಿತ್ತಂತೆ. ನನ್ನ ಹಳೇ ಲೈಟ್ ಬಾಯ್ ಅಲ್ಲಿಯವನು. ಸಂಜೆ ನಾನು ಹೋಗುವ ಹಾಗಿರಲಿಲ್ಲ, ಅವನೇ ತನ್ನ ಮೊಬೈಲಿನಲ್ಲಿ ಮಾಳಿಗೆಯಿಂದ ತೆಗೆದು ಕಳಿಸಿದ. ಮಬ್ಬು ಮಬ್ಬಾದ ಫೋಟೋ. ನನ್ನ ಸಾವಿರ ಫೋಟೋಗಿಂತ ಚೆನ್ನಾಗಿದೆ, ಯಾಕಂದ್ರೆ ಒಂದು ಕಿಟಕಿಯಲ್ಲಿ ಬಲ್ಬ್ ಉರಿಯುತ್ತಿದೆ.

ಮೇ ತಿಂಗಳಲ್ಲಿ ಗುಳೆ ಹೋದವರು ವಾಪಸ್ ಬರತೊಡಗಿದರು. ಮುಂಬೈ, ಪುಣೆ, ಹೈದರಾಬಾದ್ ಕಡೆಯಿಂದ. ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳು ಅರ್ಧ ಊರನ್ನೇ ಕೆಲಸಕ್ಕೆ ಹೊರಗೆ ಕಳಿಸುತ್ತವೆ ಅಂತ ನಮಗೆ ಗೊತ್ತು, ಆದರೆ ಒಟ್ಟಿಗೆ ನೋಡಿದ್ದು ಆಗಲೇ. ರಿಂಗ್ ರೋಡಿನಲ್ಲಿ ಒಂದು ಬೆಳಿಗ್ಗೆ ಗಂಟು ಹೊತ್ತು ನಡೆಯುತ್ತಿದ್ದ ಕುಟುಂಬ ಎದುರಾಯಿತು. ಕ್ಯಾಮೆರಾ ಚೀಲದಿಂದ ತೆಗೆಯಲಿಲ್ಲ. ದೊಡ್ಡ ಗುಣ ಅಂತಲ್ಲ, ಕೈ ಬರಲಿಲ್ಲ. ನನ್ನ ಖಾಲಿ ಬೀದಿ ಹುಚ್ಚು ಅವತ್ತಿಗೆ ಬಿಟ್ಟಿತು. ಬೀದಿ ಖಾಲಿ ಇರಲಿಲ್ಲ. ಜನ ಬೇರೆ ಬೀದಿಯಲ್ಲಿದ್ದರು, ಅಷ್ಟೇ.

ಆಮೇಲೆ 50 ಜನರ ಮದುವೆಗಳು ಬಂದವು. ಆರ್ಡರ್ ಚಿಕ್ಕದು, ದುಡ್ಡು ಚಿಕ್ಕದು, ಆದರೆ ಕಾಕಾ ತಪ್ಪಿದರು ಅನ್ನೋ ತಕರಾರು ಇಲ್ಲ. ಕಾಕಾನನ್ನು ಕರೆದೇ ಇರ್ತಿರಲಿಲ್ಲ.

2021ರಲ್ಲಿ ಎರಡನೇ ಸಲ ಊರು ಮುಚ್ಚಿತು. ಏಪ್ರಿಲ್ 27ರಿಂದ ಕರ್ಫ್ಯೂ, ಮೇ 10ರಿಂದ ಇನ್ನೂ ಬಿಗಿ. ಬೀದಿಗಳು ಮತ್ತೆ ಖಾಲಿಯಾದವು. ಆ ಸಲ ಒಂದೂ ಫೋಟೋ ತೆಗೆಯಲಿಲ್ಲ. ಬಿಡುವಿರಲಿಲ್ಲ. ಫೋನು ಬಡಕೊಳ್ಳುತ್ತಲೇ ಇರುತ್ತಿತ್ತು. ‘ಅಣ್ಣಾ, ನಮ್ಮ ಅಕ್ಕನ ಮದುವ್ಯಾಗ ಅಪ್ಪನ್ ಫೋಟೋ ತಗದಿದ್ರಲ್ಲ, ಅದು ಅದಾ ಏನು?’ ಅಂತ. ಮೊದಲು ವಾಟ್ಸಾಪ್‌ನಲ್ಲಿ ಹಾಕಲು ಶ್ರದ್ಧಾಂಜಲಿ ಡಿಸೈನ್. ಅಂಗಡಿ ತೆರೆದ ಮೇಲೆ ಕಟ್ಟು ಹಾಕಿಸಲು ದೊಡ್ಡ ಪ್ರಿಂಟ್. ನಮ್ಮ ಕಡೆ ಗಂಡಸರು ಒಬ್ಬರೇ ನಿಂತು ಫೋಟೋ ತೆಗೆಸಿಕೊಳ್ಳೋದು ಕಡಿಮೆ. ಆಧಾರ್ ಕಾರ್ಡಿನದು ಹಾರ ಹಾಕುವ ಹಾಗಿರಲ್ಲ. ಉಳಿಯೋದು ಯಾರದೋ ಮದುವೆಯ ಗುಂಪು ಫೋಟೋ. ಅದರಿಂದ ಕತ್ತರಿಸಬೇಕು. ಸುತ್ತ ಇದ್ದವರನ್ನೆಲ್ಲ ತೆಗೆದು ಹಿಂದೆ ನೀಲಿ ಬಣ್ಣ ತುಂಬಬೇಕು. ಮೇ, ಜೂನ್ ಎರಡು ತಿಂಗಳು ಅದೇ ಕೆಲಸ. ಆ ಎರಡು ತಿಂಗಳ ಲೆಕ್ಕ ನಾನು ಇಡಲಿಲ್ಲ.

ಜೂನ್ ಕೊನೆಗೆ ಒಬ್ಬರು ಅಂಗಡಿಗೆ ಬಂದರು. 2018ರ ಮದುವೆ ಅಂದರು, ಮನೆತನದ ಹೆಸರು ಹೇಳಿದರು. ಅಣ್ಣ ಮೇನಲ್ಲಿ ಹೋದರಂತೆ. ‘ನಗೋ ಫೋಟೋ ಅಂತಂದ್ರ ಅದೊಂದೇ ಅದ ಅಣ್ಣಾ, ಮೆರವಣಿಗ್ಯಾಗ ಕುಣಿಯೋದು. ತಲಿ ಮ್ಯಾಲ ಪಟಗಾ ಅದ.’ ಫೋಲ್ಡರ್ ಹುಡುಕುವ ಅಗತ್ಯ ಇರಲಿಲ್ಲ. ಆ ಫೋಟೋ ನನಗೆ ಬಾಯಿಪಾಠ.

ಸಂಜೆ ಬನ್ನಿ ಅಂದೆ. ಆಟೋ, ಲೈಟು, ಜಗತ್ ಸರ್ಕಲ್ ಎಲ್ಲ ತೆಗೆದೆ. ಎತ್ತಿದ ಕೈಗಳು ಫ್ರೇಮಿಗೆ ಬರದ ಹಾಗೆ ಎದೆವರೆಗೆ ಕತ್ತರಿಸಿದೆ. ಕೊನೆಗೆ ಉಳಿದಿದ್ದು ಹೆಗಲ ಮೇಲಿನ ಆ ಕೈ. ಅದು ಕಷ್ಟದ ಕೆಲಸ. ಅಂಗಿ ಮಡಿಕೆ ಹೊಸದಾಗಿ ಮಾಡಬೇಕು, ನೆರಳು ಕೂಡಿಸಬೇಕು. ಒಂದು ಗಂಟೆ ಹಿಡಿಯಿತು. ಇತ್ತು ಅಂತ ಯಾರೂ ಹೇಳಲಾರದ ಹಾಗೆ ಮಾಡಿದೆ.

ಸಂಜೆ ಅವರು ಬಂದು ಸ್ಕ್ರೀನ್ ಮುಂದೆ ಬಗ್ಗಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿಟ್ಟು ತೋರಿಸಿದರು.

‘ಇಲ್ಲೊಂದು ಕೈ ಇತ್ತಲ್ಲ ಅಣ್ಣಾ?’

‘ತಗದೀನ್ರಿ. ಹಾರ ಹಾಕೋ ಫೋಟೋಕ್ಕ ಚಲೋ ಕಾಣಂಗಿಲ್ಲ ಅಂತ.’

‘ಅದು ನಂದ್ ಕೈ. ಇರ್ಲಿ ಬಿಡ್ರಿ.’

ಫೈಲ್ ಇನ್ನೂ ತೆರೆದೇ ಇತ್ತು. ಕಂಟ್ರೋಲ್ ಝಡ್ ಒತ್ತುತ್ತಾ ಹೋದೆ. ಅವರು ನೋಡುತ್ತಾ ನಿಂತರು. ಮೊದಲು ಕಿರುಬೆರಳು ಬಂತು, ಆಮೇಲೆ ಉಂಗುರ.